ಹೊಲಿಗೆ ಮಿಷಿನ್ನಿನ ಬೆರಳಚ್ಚು ವಾಪಸು ಕೊಡಿ

ಹಾಸನದ ಪದವಿ ಕಾಲೇಜೊಂದರ ವಿಧಿವಿಜ್ಞಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ತೀರಿಕೊಂಡ ನನ್ನ ಹೆಂಡತಿಯ ಬೆರಳಚ್ಚು ತಮ್ಮ ಕಚೇರಿಯ ಬೀರುವಿನಲ್ಲಿದೆ. ಅದನ್ನು ದಯವಿಟ್ಟು ವಾಪಸು ಕೊಡಿ. ಇದನ್ನೇ ತಮ್ಮ ಗುಮಾಸ್ತರಿಗೆ ಕಿಟಕಿಯ ಈಚೆ ನಿಂತು ಹೇಳಿ ಹೇಳಿ ಸಾಕಾಯಿತು. ಹೋದಾಗಲೆಲ್ಲ ಅವರು ಹೊಸದಾಗಿ "ಏನು ವಿಷ್ಯ?" ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಾನು ಅರಕಲಗೂಡಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟವನು. ಎಸ್ಸೆಸ್ಸೆಲ್ಸಿ ಓದಿದ್ದೇನೆ. ದಿನಚರಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದರಲ್ಲಿ ತಾವು ನಿಸ್ಸೀಮರೆಂದು ಗೊತ್ತಾಗಿದೆ.

ನನ್ನ ಮಗಳು ದಿವ್ಯಾ ತಮ್ಮಲ್ಲಿ ವಿಧಿವಿಜ್ಞಾನದ ಬಿಎಸ್ಸಿ ಮಾಡುತ್ತಿದ್ದಾಳೆ. ಕಳ್ಳತನವೋ ಕೊಲೆಯೋ ನಡೆದ ಜಾಗದಲ್ಲಿ ಸಿಕ್ಕ ಕೂದಲು, ರಕ್ತ, ಬೆರಳಚ್ಚು ನೋಡಿ ಯಾರ ಕೆಲಸವೆಂದು ಹೇಳುವ ಓದು. ಬೆರಳಚ್ಚು ಎಬ್ಬಿಸುವ ಪುಡಿ ತಮ್ಮ ಲ್ಯಾಬಿನಲ್ಲಿ ಇದೆಯಂತೆ. ಅದು ಕಪಾಟಿನೊಳಗಿದೆ, ಕಪಾಟಿಗೆ ಬೀಗವಿದೆ, ಬೀಗದ ಕೈ ರಜೆ ಹಾಕಿ ಹೋದ ಮೇಡಂ ಅವರ ಹತ್ತಿರವಿದೆ. ಲೋಕದ ಕಳ್ಳರನ್ನೆಲ್ಲ ಹಿಡಿಯಲು ಕಲಿಸುವ ವಿಭಾಗಕ್ಕೆ ಒಂದು ಬೀಗದ ಕೈ ಪತ್ತೆ ಮಾಡಲಾಗದೇ? "ಮನೆಯಲ್ಲೇ ಸಿಗುವ ಯಾವುದಾದರೂ ನುಣುಪು ಪುಡಿ ಬಳಸಿ ಬೆರಳಚ್ಚು ತೆಗೆದು ತನ್ನಿ" ಎಂದು ತಾವು ಅಪ್ಪಣೆ ಕೊಟ್ಟಿರಿ. ನಮ್ಮದು ಲಿಂಗಪೂಜೆಯ ಮನೆ. ನಮ್ಮಲ್ಲಿ ನುಣುಪು ಪುಡಿ ಎಂದರೆ ವಿಭೂತಿ. ದಿವ್ಯಾ ವಿಭೂತಿ ಗಟ್ಟಿಯನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ, ನನ್ನ ಶೇವಿಂಗ್ ಬ್ರಷ್ಷು ಹಿಡಿದು ಹೊರಟಳು. ವಾರದೊಳಗೆ ನಮ್ಮ ಟಿ.ವಿ., ಮಿಕ್ಸಿ, ಸ್ಕೂಟರಿನ ಕನ್ನಡಿ ಎಲ್ಲವೂ ದೀಕ್ಷೆ ತೆಗೆದುಕೊಂಡಂತೆ ಕಾಣತೊಡಗಿದವು.

ಆಗ ನನ್ನ ಅಕ್ಕ ಕಮಲಾಕ್ಷಮ್ಮ ಚನ್ನರಾಯಪಟ್ಟಣದಿಂದ ಬಂದಿದ್ದಳು. "ಇದೇನವ್ವ, ಈಬೂತಿ ತಕಂಡೋಗಿ ಮಿಕ್ಸಿಗ್ ಬಳೀತಿದ್ದೀಯ! ಶಿವ ಒಪ್ತಾನಾ?" ಎಂದು ಬೈದಳು.

"ಶಿವ ಒಪ್ತಾನೆ ಅತ್ತೆ, ನಮ್ ಎಚ್ಓಡಿ ಒಪ್ಬೇಕಲ್ಲ" ಎಂದಳು ದಿವ್ಯಾ. ಆಮೇಲೆ ಕೊಬ್ಬರಿ ಮಿಠಾಯಿ ಡಬ್ಬದ ಕಪ್ಪು ಮುಚ್ಚಳ ತಂದು ತೋರಿಸಿದಳು. "ಸಕ್ಕರೆ ಕಾಯ್ಲೆ ಇರೋರ ಬೆರಳು ಇದ್ರ ಮೇಲೆ ಯಾಕಿದೆ ಅತ್ತೆ?"

"ಎತ್ತಿಟ್ಟೆ ಕಣೆ. ಇರುವೆ ಬತ್ತಿದ್ವು."

"ಮುಚ್ಚಳದ ಒಳಗಡೇನೂ ಇದೆ."

ಅಕ್ಕ ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹಾಲಿನ ಪುಟ್ಟಸ್ವಾಮಿ ಮಾತ್ರ ಕೇಳಿದ ಕೂಡಲೇ ಹತ್ತೂ ಬೆರಳು ಒತ್ತಿಕೊಟ್ಟು, ಅಂಗಳದಲ್ಲೇ ನಿಂತಿದ್ದ. ಯಾಕೆಂದು ಕೇಳಿದರೆ, "ಎಬ್ಬೆಟ್ ಕೊಟ್ಟಿವ್ನಲ್ಲ ಸಾ, ಅಕ್ಕಿ ಯಾವಾಗ್ ಕೊಡ್ತೀರಾ?" ಎಂದ. ರೇಷನ್ ಅಂಗಡಿಯ ಅಭ್ಯಾಸ. ಕೊನೆಗೆ ಒಂದು ಸೇರು ಅಳೆದು ಕಳಿಸಿದೆ. ತಮ್ಮ ಪಠ್ಯಕ್ರಮದಲ್ಲಿ ಈ ಖರ್ಚು ತೋರಿಸಿಲ್ಲ.

ಇಷ್ಟರವರೆಗೆ ನನಗೂ ನಗು ಬರುತ್ತಿತ್ತು. ಬಹಳ ದಿನದ ಮೇಲೆ ಬಂದ ನಗು.

ನನ್ನ ಹೆಂಡತಿ ಪ್ರೇಮಕುಮಾರಿ ಹೋದ ಆಷಾಢದಲ್ಲಿ ತೀರಿಕೊಂಡಳು. ಸಾವಾದ ಮನೆಯನ್ನು ಬಂಧುಗಳು ಸೇರಿ ತೊಳೆಯುವುದು ನಮ್ಮ ಕಡೆಯ ವಾಡಿಕೆ. ಪಾತ್ರೆ, ಕನ್ನಡಿ, ಬಾಗಿಲಿನ ಚಿಲಕ, ಲೈಟಿನ ಸ್ವಿಚ್ಚು ಯಾವುದನ್ನೂ ಬಿಡದೆ ಉಜ್ಜಿದರು. ಪ್ರೀತಿಯಿಂದಲೇ ಉಜ್ಜಿದರು. ಅವಳ ಹೊಲಿಗೆ ಮಿಷಿನ್ನನ್ನು ಮಾತ್ರ, ನೀರು ತಾಗಿದರೆ ತುಕ್ಕು ಹಿಡಿಯುತ್ತದೆಂದು ಮುಸುಕು ಹೊದಿಸಿ ಬಿಟ್ಟರು. ಆ ಮುಸುಕನ್ನು ನಾನೂ ತೆಗೆದಿರಲಿಲ್ಲ.

ದಿವ್ಯಾ ತೆಗೆದಳು. ಮಿಷಿನ್ನಿನ ಕಪ್ಪು ಮೈ ಮೇಲೆ ಬ್ರಷ್ಷು ಆಡಿಸಿದಳು. ಮೂರು ಬೆರಳು ಬೆಳ್ಳಗೆ ಎದ್ದು ಬಂದವು. ತೋರುಬೆರಳಿನ ಮೇಲೆ ಅಡ್ಡಗೆರೆ. ಲಂಗ ಹೊಲಿಯುವಾಗ ಸೂಜಿ ಹೊಕ್ಕು ಆದ ಗಾಯದ್ದು.

"ಅಪ್ಪಾಜಿ, ಇದು ಯಾರ್ದು?" ಎಂದಳು.

"ಗೊತ್ತಿದ್ದೂ ಯಾಕವ್ವ ಕೇಳ್ತೀಯ?"

"ಸಾಕ್ಷಿ ಬಾಯಲ್ಲೇ ಹೇಳಿಸ್ಬೇಕು ಅಪ್ಪಾಜಿ."

ಹೇಳಿದೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ತನಿಖೆ ನಿಲ್ಲಿಸಿದೆವು.

ಅವಳು ಟೇಪು ಅಂಟಿಸಿ ಅಚ್ಚನ್ನು ಎತ್ತಿ ಕಪ್ಪು ಹಾಳೆಯ ಮೇಲೆ ಇಳಿಸಿದಳು. ಹಾಗೆ ಎತ್ತಿದ ಮೇಲೆ ಮಿಷಿನ್ನಿನ ಮೇಲೆ ಏನೂ ಉಳಿಯಲಿಲ್ಲ. ಅದನ್ನು ಕಾಲೇಜಿಗೆ ಒಪ್ಪಿಸಿದಾಗ, ಹಾಳೆಯ ಬಿಳಿ ಬೆನ್ನಿನ ಮೇಲೆ ತಾವು ಕೆಂಪು ಶಾಯಿಯಲ್ಲಿ ಬರೆದಿರಿ: "ವಿಭೂತಿಯು ಅಂಗೀಕೃತ ಪುಡಿಯಲ್ಲ. ಹೋಲಿಕೆಗಾಗಿ ಸದರಿ ವ್ಯಕ್ತಿಯನ್ನು ಖುದ್ದು ಹಾಜರುಪಡಿಸತಕ್ಕದ್ದು. ತಿರಸ್ಕರಿಸಲಾಗಿದೆ."

ಮಾನ್ಯರೇ, ಬೆರಳಚ್ಚು ಬಿಟ್ಟು ಹೋದವರೆಲ್ಲ ಖುದ್ದು ಬಂದು ಹಾಜರಾಗುವುದಾದರೆ ಈ ಶಾಸ್ತ್ರವನ್ನು ಯಾಕೆ ಓದಬೇಕು? ಹೋಗಲಿ, ಸದರಿ ವ್ಯಕ್ತಿಯನ್ನು ಹಾಜರುಪಡಿಸಲು ನನಗಿಂತ ಆಸೆ ಇರುವವರು ಯಾರಿದ್ದಾರೆ? ದಾರಿ ಗೊತ್ತಿದ್ದರೆ ತಿಳಿಸಿ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕೇ, ಇಲ್ಲ ಹಾಸನದಿಂದ ನೇರ ಇದೆಯೇ? ನಿಂತುಕೊಂಡೇ ಹೋಗುತ್ತೇನೆ. ಅವಳು ಬಂದರೆ ಕಷ್ಟ ತಮಗೇ. "ಓಲ್ಕೆ ಆಮೇಲಾಗ್ಲಿ ಸಾ, ಮೊದ್ಲು ಆ ಕಪಾಟಿನ್ ಬೀಗ ತೆಗೀರಿ" ಎಂದು ತಮ್ಮನ್ನೇ ವಿಚಾರಣೆ ಮಾಡುವ ಹೆಂಗಸು ಅವಳು.

ತಿರಸ್ಕರಿಸಿದ ಹಾಳೆಗಳೆಲ್ಲ ಈ ತಿಂಗಳ ಕೊನೆಗೆ ಗುಜರಿಗೆ ಹೋಗುತ್ತವೆಂದು ಗುಮಾಸ್ತರು ಹೇಳಿದರು. "ಯಾಕ್ ತಲೆ ಕೆಡಿಸ್ಕೊತೀರಾ ಯಜಮಾನ್ರೇ? ಬೇರೆ ಬೆರಳು ತಗಂಡ್ ಬರ್ಲಿ. ನಿಮ್ದೇ ಇಲ್ವಾ?" ಎಂದರು. ಮಗಳು ತಮ್ಮನ್ನು ಕೇಳಲು ಹೆದರುತ್ತಾಳೆ, ಅವಳ ಅಂಕ ತಮ್ಮ ಕೈಯಲ್ಲಿದೆ. ನನಗೆ ತಾವು ಹಾಕುವ ಅಂಕ ಯಾವುದೂ ಬಾಕಿಯಿಲ್ಲ.

ಆದ್ದರಿಂದ ಕೇಳುತ್ತೇನೆ. ವಿಭೂತಿ ತಪ್ಪು ಎನ್ನಿ, ಸೊನ್ನೆ ಹಾಕಿ, ಮೂರು ಸಾಲು ಇನ್ನೂ ಕೆಂಪಗೆ ಬರೆಯಿರಿ. ಆದರೆ ಹಾಳೆಯನ್ನು ಮಡಿಸಬೇಡಿ, ಒರೆಸಬೇಡಿ, ಮೇಲೆ ಫೈಲು ಹೇರಬೇಡಿ. ಸೋಮವಾರ ಅಂಗಡಿ ಮುಚ್ಚಿ ನಾನೇ ಬರುತ್ತೇನೆ, ನನ್ನ ಕೈಗೆ ಕೊಡಿ. ಪರೀಕ್ಷೆಗೆ ದಿವ್ಯಾ ಇನ್ನೊಮ್ಮೆ ಕೂರುತ್ತಾಳೆ. ಅವಳ ತಾಯಿ ಇನ್ನೊಮ್ಮೆ ಹೊಲಿಯಲು ಕೂರುವುದಿಲ್ಲ.

ಇಂತಿ,
ಹತ್ತು ಬೆರಳಿದ್ದೂ ಹೋಲಿಕೆಗೆ ಬಾರದ,
ಚಂದ್ರಶೇಖರಯ್ಯ
ಅರಕಲಗೂಡು