ಹಿಟ್ಟಿನ ಡಬ್ಬಿಯ ಮೇಲಿನ ಕಲ್ಲು

ಅತನೂರ, ತಾ. ಅಫಜಲಪುರ
೧೬ ಫೆಬ್ರುವರಿ ೨೦೨೫, ರವಿವಾರ

ಮುದ್ದಿನ ತಮ್ಮ ಗುರುಲಿಂಗಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಚಾದರಿನ ಮಿಲ್ಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ ಎಂದು ಅವ್ವ ದಿನಾ ಹೇಳುತ್ತಾಳೆ, ಇಲ್ಲಿ ಹೇಳಿದ್ದು ಸೊಲ್ಲಾಪುರಕ್ಕೆ ಕೇಳಿಸುತ್ತದೆ ಎನ್ನುವ ಹಾಗೆ. ನಾವೆಲ್ಲ ಆರಾಮ ಇದ್ದೇವೆ. ಬಿಳಿಜೋಳ ತೆನೆ ಕಟ್ಟಿದೆ, ಹಕ್ಕಿ ಕಾಯುವುದೇ ಕೆಲಸವಾಗಿದೆ. ಫೋನಿದ್ದೂ ಅಕ್ಕ ಯಾಕೆ ಕಾಗದ ಬರೆದಳು ಎಂದು ನಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಸಿಟ್ಟು ಬಂದರೆ ಕಟ್ ಮಾಡುತ್ತೀ. ಇದನ್ನಾದರೂ ಪೂರ್ತಿ ಓದು.

ನೀನು ಕಳಿಸಿದ ಸೇಠ್ ಗುರುವಾರ ಬಂದಿದ್ದ. ಸಂಕ್ರಾಂತಿಯ ಮರುದಿನ ಗುಡುಗಿದಂತೆ ಸದ್ದಾಗಿ ನಮ್ಮ ಹೊಲದಲ್ಲಿ ಬಿದ್ದ ಕರೀ ಕಲ್ಲನ್ನು ನೋಡಬೇಕೆಂದ. ಆಕಾಶದಿಂದ ಬಿದ್ದ ಕಲ್ಲು ಕೊಂಡು ಮಾರುವುದೇ ಅವನ ಧಂದೆಯಂತೆ. ಅವ್ವನ ಸಂಗತಿ ನಿನಗೆ ಗೊತ್ತಲ್ಲ, "ಅಮೋಘಸಿದ್ದನೇ ಇಳಿದು ಬಂದಾನ" ಎಂದು ಅದನ್ನು ದೇವರ ಜಗಲಿಯ ಮೇಲಿಟ್ಟು ಎಣ್ಣೆ ಹೊಯ್ದು, ಭಂಡಾರ ಬಳಿದು, ವಾರಕ್ಕೊಂದು ತೆಂಗು ಅದರ ನೆತ್ತಿಗೇ ಕುಟ್ಟಿ ಒಡೆಯುತ್ತಿದ್ದಾಳೆ. ಅರಿಷಿಣದ ಮುದ್ದೆಯಾಗಿದ್ದ ಕಲ್ಲನ್ನು ನೋಡಿ ಸೇಠ್ ತಲೆ ಹಿಡಿದುಕೊಂಡು ಕುಳಿತ. ಅವನಿಗೆ ಭಕ್ತಿ ಉಕ್ಕಿತೆಂದು ತಿಳಿದು ಅವ್ವ ಅವನ ಹಣೆಗೂ ಭಂಡಾರ ಹಚ್ಚಿದಳು. ನನಗೆ ನಗು ತಡೆಯಲಾಗಲಿಲ್ಲ.

ಚಹಾ ಕುಡಿಯುತ್ತ ಅವನು ದರ ಕಟ್ಟುವ ಬಗೆ ಹೇಳಿದ. ತೂಕ ಆಮೇಲಿನ ಮಾತಂತೆ. ಬಿದ್ದದ್ದನ್ನು ಯಾರಾದರೂ ಕಣ್ಣಾರೆ ಕಂಡಿರಬೇಕು. ಇಳಿಯುವಾಗ ಸುಟ್ಟು ಕಟ್ಟಿದ ಕರೀ ಸಿಪ್ಪೆ ಒಡೆದಿರಬಾರದು. ಒಳಗೆ ಕಬ್ಬಿಣದ ಕಣ ಇರುವುದರಿಂದ ನೀರು ತಾಗಿದರೆ ತುಕ್ಕು ಹಿಡಿದು ದರ ಇಳಿಯುತ್ತದೆ. ಯಾವ ಜಾತಿಯ ಕಲ್ಲೆಂದು ಪ್ರಯೋಗಶಾಲೆಯವರು ಹೇಳಬೇಕು. ಎಲ್ಲಕ್ಕಿಂತ ಮುಖ್ಯ, ಜೊತೆಗೆ ಬಿದ್ದ ತುಂಡುಗಳು ಎಷ್ಟು ಮಂದಿಯ ಕೈಯಲ್ಲಿವೆ ಎನ್ನುವುದು. ಒಬ್ಬನ ಕೈಯಲ್ಲೇ ಇದ್ದರೆ ಅವನು ಹೇಳಿದ್ದೇ ಬೆಲೆ. "ದೇವರ ಮಾಡಾಕ ಹೋಗಿ ಮಾಲ ಖರಾಬ ಮಾಡೀರಿ" ಎಂದು ನಮ್ಮದಕ್ಕೆ ತೀರಾ ಕಡಿಮೆ ಕೇಳಿದ.

ಹೋಗುವಾಗ ಪಕ್ಕದ ಮನೆ ಪ್ಯಾರಿಬಿಯ ಹತ್ತಿರ ನೀರು ಕೇಳಿದ್ದಾನೆ. ಅವಳು ಬದುವಿನಲ್ಲಿ ಸಿಕ್ಕ ಅಂಥದೇ ಕಲ್ಲನ್ನು ಬೆಕ್ಕಿನ ಕಾಟಕ್ಕೆ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಹೇರಿದ್ದಾಳೆ. ಅದಕ್ಕೆ ಎಣ್ಣೆಯಿಲ್ಲ, ನೀರಿಲ್ಲ, ಸಿಪ್ಪೆ ಎಲ್ಲೂ ಎದ್ದಿಲ್ಲ. ಸೇಠ್ ಅವಳೆದುರು ತುಟಿ ಬಿಚ್ಚಲಿಲ್ಲ, ಅದಕ್ಕೆ ಎಷ್ಟು ಕೊಡುತ್ತೇನೆಂದು ನಿನಗಷ್ಟೇ ಹೇಳಿದ. ಅಂದೇ ಸಂಜೆ ನಿನ್ನ ಫೋನು ಬಂತು. ಬಿಗಿ ಮುಚ್ಚಳದ ಹೊಸ ಡಬ್ಬಿ ತಂದುಕೊಟ್ಟು ಕಲ್ಲು ಇಸಕೊಂಡುಬಿಡು, "ಆ ಮುದುಕಿಗೆ ಏನ್ ತಿಳೀತದ" ಎಂದೆಯಲ್ಲ, ಆ ಮಾತು ಇನ್ನೂ ಚುಚ್ಚುತ್ತಿದೆ. ಅವ್ವ ಕಲಬುರಗಿಯ ದವಾಖಾನೆಯಲ್ಲಿ ಮಲಗಿದ್ದಾಗ ನಿನ್ನನ್ನು ಮಡಿಲಲ್ಲಿ ಕೂಡಿಸಿಕೊಂಡು ರೊಟ್ಟಿ ತಿನ್ನಿಸಿದವಳು ಆ ಮುದುಕಿಯೇ.

ನಿನಗೊಂದು ಸ್ವಂತ ಮಗ್ಗವಾಗಲಿ ಎಂಬ ಆಸೆ ನಿನಗಿಂತ ಹೆಚ್ಚು ನನಗಿದೆ. ಅದಕ್ಕೆ ಬೇಕಾದರೆ ನನ್ನ ಕುರಿ ಮಾರುತ್ತೇನೆ. ಆದರೆ ಹೊಸ ಡಬ್ಬಿ ಹಿಡಿದುಕೊಂಡು ಪ್ಯಾರಿಬಿಯ ಹೊಸಿಲು ತುಳಿಯುವವಳು ನಾನಲ್ಲ. ಈ ಮಾತು ಬದಲಾಗುವುದಿಲ್ಲ, ಫೋನು ಮಾಡಿ ಹಟ ಹಿಡಿಯಬೇಡ. ಸೇಠ್‌ಗೂ ಇನ್ನು ಬರಬೇಡಿ ಎಂದು ಹೇಳಿಬಿಟ್ಟಿದ್ದೇನೆ. ಅವ್ವನನ್ನೂ ಪ್ಯಾರಿಬಿಯನ್ನೂ ಒಪ್ಪಿಸಿ ನಾಡಿದ್ದು ಎರಡೂ ಕಲ್ಲು ಕಲಬುರಗಿಗೆ ಒಯ್ದು ತಿಳಿದವರಿಗೆ ತೋರಿಸುತ್ತೇವೆ. ಸರ್ಕಾರಕ್ಕೆ ಒಪ್ಪಿಸಬೇಕೆಂದರೆ ಒಪ್ಪಿಸೋಣ.

ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರು ಕುಡಿ. ಅವ್ವ ನಿನ್ನ ಹೆಸರಿನಲ್ಲಿ ಭಂಡಾರ ಹಾರಿಸಿದ್ದಾಳೆ. ಅಮೋಘಸಿದ್ದ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಶಿವಕಾಂತಾ

ತಾ.ಕ.: ಪ್ಯಾರಿಬಿಗೆ ಎಲ್ಲವನ್ನೂ ಹೇಳಿಬಿಟ್ಟೆ, ನಿನ್ನ ಫೋನಿನ ಮಾತೂ ಸೇರಿ. ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಅಲ್ಲಬೇ, ಗುರುಲಿಂಗ ಬಾಯಿಬಿಟ್ಟು ಕೇಳಿದ್ರ ಹಂಗೇ ಕೊಡ್ತಿದ್ದೆ" ಎಂದು ಅತ್ತಳು, ನಾನೂ ಅತ್ತೆ. ೨೪ನೇ ತಾರೀಖು ಸೋಮವಾರದ ಬಸ್ಸಿಗೆ ಬಾ. ನೇರ ಅವಳ ಮನೆಗೆ ಹೋಗು. ಆ ಕಲ್ಲಿನ ಬೆಲೆ ಎಷ್ಟೆಂದು ಅವಳ ಮುಖ ನೋಡುತ್ತ ನೀನೇ ಹೇಳು.