ಕಾರ್ಡಿನ ಮೂಲೆಯ ಎರಡು ಪದ

ಮಕ್ಕಳ ಆರೋಗ್ಯ ಕೇಂದ್ರದ ಮುಖ್ಯಾಧಿಕಾರಿಗಳೇ,

ಒಂಬತ್ತು ತಿಂಗಳ ನನ್ನ ಮಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಲು ನಿಮ್ಮ ಕೇಂದ್ರ ಮೂರು ಬಾರಿ ನಿರಾಕರಿಸಿದೆ. ಕಾರಣ ಮಗುವಿನ ಕಿವಿಯಲ್ಲಿಲ್ಲ, ಅವಳ ಕಾರ್ಡಿನಲ್ಲಿದೆ. ಮೊದಲ ಭೇಟಿಯಲ್ಲೇ ಯಾರೋ ಅದರ ಮೂಲೆಯಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದಾರೆ: 'ಆತಂಕದ ತಾಯಿ'.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದವಳು. ಸಮಾಜವೊಂದು ದೇಹ, ಒಂದೊಂದು ಅಂಗಕ್ಕೂ ಒಂದೊಂದು ಕೆಲಸ ಎನ್ನುವ ಪ್ರಕಾರ್ಯವಾದ ಆಗ ನನಗೆ ಬಲು ಇಷ್ಟ. ನಿಮ್ಮ ಟೋಕನ್, ತೂಕದ ಯಂತ್ರ, ದಾದಿ, ವೈದ್ಯರು, ಎಲ್ಲವೂ ಹಾಗೇ ಅಚ್ಚುಕಟ್ಟು. ಆ ಎರಡು ಪದಗಳಿಗೂ ಒಂದು ಕೆಲಸವಿದೆ, ಒಪ್ಪಿದೆ: ಸಾಲು ಬೇಗ ಸಾಗುತ್ತದೆ. ಆದರೆ ನೋವಿದೆ ಎನ್ನುವ ಅಂಗವನ್ನೇ ಗದರಿ ಕೂರಿಸುವ ದೇಹ ಎಷ್ಟು ದಿನ ನೆಟ್ಟಗಿದ್ದೀತು? ಸಮಾಜವೆಂದರೆ ಬಲವಿದ್ದವರ, ಇಲ್ಲದವರ ಜಗ್ಗಾಟ ಎನ್ನುವ ಸಂಘರ್ಷ ಸಿದ್ಧಾಂತದವರಾದರೆ ನೇರವಾಗಿ ಕೇಳುತ್ತಾರೆ: ಪೆನ್ನು ಯಾರ ಕೈಯಲ್ಲಿದೆ? ನಿಮ್ಮ ಬಗ್ಗೆ ನಾನು ಬರೆಯಬಹುದಾದ ಕಾರ್ಡು ಯಾವ ಕಪಾಟಿನಲ್ಲಿದೆ?

ಕಳೆದ ಮಂಗಳವಾರ ತೂಕದ ಕೋಣೆಯಲ್ಲಿ ಸ್ಟೀಲ್ ಟ್ರೇ ನೆಲಕ್ಕೆ ಬಿತ್ತು. ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ಅತ್ತರು. ನನ್ನ ಮಗಳು ಕಾಲುಚೀಲ ಎಳೆಯುತ್ತಾ ನಗುತ್ತಿದ್ದಳು.

"ನೋಡಿದ್ರಾ ಸಿಸ್ಟರ್?" ಅಂದೆ.

"ಜಾಣ ಮರಿ, ಒಂಚೂರೂ ಹೆದರ್ಲಿಲ್ಲ." ದಾದಿ ಕಾರ್ಡಿನ ಮೇಲೆ ಕಣ್ಣಾಡಿಸಿ ದನಿ ಮೆತ್ತಗೆ ಮಾಡಿದರು. "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮಾ?"

"ನನ್ನ ನಿದ್ದೆ ಬಿಡಿ, ಅವಳ ಕಿವಿ ನೋಡಿ."

"ನೋಡಿ, ಮತ್ತೆ ಶುರು ಮಾಡ್ಕೊಂಡ್ರಿ."

ನಾವು ಒಬ್ಬರಿಗೊಬ್ಬರು ಕೊಡುವ ಅರ್ಥಗಳಿಂದಲೇ ಸಮಾಜ ರೂಪುಗೊಂಡಿದೆ ಎನ್ನುವ ಸಾಂಕೇತಿಕ ಅಂತಃಕ್ರಿಯಾವಾದಕ್ಕೆ ಪರೀಕ್ಷೆಯಲ್ಲಿ ಅರ್ಧ ಪುಟ ಗೀಚಿ ಕೈತೊಳೆದುಕೊಂಡಿದ್ದೆ. ಅದು ತಲೆಗೆ ಹತ್ತಿದ್ದು ಆ ಕೋಣೆಯಲ್ಲಿ. ದನಿ ಏರಿಸಿದರೆ ಆತಂಕ, ಅತ್ತರೆ ಆತಂಕ, ಸುಮ್ಮನೆ ಕೂತರೆ ಅದುಮಿಟ್ಟ ಆತಂಕ. "ಅಷ್ಟು ಓದಿದೋರೇ ಹೇಳ್ತಿದಾರೆ, ಬಿಡೇ," ಎನ್ನಲು ನನ್ನ ಗಂಡನೂ ಕಲಿತಿದ್ದಾನೆ. ಈಗೀಗ ನಿಮ್ಮ ಬಾಗಿಲು ಕಂಡರೆ ಒಳಗೆ ಬರಲಾರದೆ ನಿಜಕ್ಕೂ ಎರಡು ಸುತ್ತು ಹೊರಗೇ ತಿರುಗುತ್ತೇನೆ. ಅಭಿನಂದನೆಗಳು, ಬರೆದದ್ದನ್ನು ನಿಜ ಮಾಡಿದ್ದೀರಿ.

ಹೌದು, ನನಗೆ ಆತಂಕವಿದೆ. ಆತಂಕದ ತಾಯಿಯ ಮಗುವಿಗೆ ಕಿವಿ ಕೇಳಿಸಿಯೇ ತೀರುತ್ತದೆ ಎಂದು ಯಾವ ಶಾಸ್ತ್ರದಲ್ಲಿದೆ? ಆ ಪದಗಳನ್ನು ಅಳಿಸಿ ಎಂದು ನಾನು ಬೇಡುವುದಿಲ್ಲ. ಅವುಗಳ ಕೆಳಗೆ, ಅದೇ ಕೆಂಪು ಶಾಯಿಯಲ್ಲಿ, ಶ್ರವಣ ಪರೀಕ್ಷೆಯ ದಿನಾಂಕ ಬರೆಯಿರಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಬರೆಯುವವರೆಗೆ ಕುರ್ಚಿ ಬಿಟ್ಟೇಳುವುದಿಲ್ಲ. ಅವಳ ಕಿವಿ ಚೆನ್ನಾಗಿದ್ದರೆ ಮನಸಾರೆ ನಗಿರಿ, ನಿಮಗಿಂತ ಜೋರಾಗಿ ನಾನು ನಗುತ್ತೇನೆ.

ಇಂತಿ,
ಕರೆದರೆ ಇನ್ನೂ ತಿರುಗಿ ನೋಡದವಳ ತಾಯಿ