ಹಿಲ್ಲೆವಿಯ ಬುಧವಾರ

ಅಕ್ಟೋಬರ್ ೧೪, ಸೋಮವಾರ. ಮಾಲ್ಮೊ.

ಲಿಫ್ಟ್ ರಿಪೇರಿಯಾಯಿತು. ವಸಂತದಿಂದ ಈ ಕಟ್ಟಡದ ಮಾಲೀಕರಾದ ನಗರಸಭೆಗೆ ದೂರು ಕೊಟ್ಟು ಕೊಟ್ಟು ಸಾಕಾಗಿತ್ತು. ಐದನೇ ಮಹಡಿಯ ನನ್ನ ಗೆಳತಿ ಹಿಲ್ಲೆವಿ ಬೇಸಿಗೆಯಿಡೀ ಕೆಳಗೆ ಇಳಿಯಲೇ ಇಲ್ಲ. ಅವಳ ಬಟ್ಟೆಯನ್ನೂ ನಾನೇ ನೆಲಮಾಳಿಗೆಗೆ ಒಯ್ದು ಒಗೆದು ತರುತ್ತಿದ್ದೆ. “ಅವ್ರು ಬರೋ ಹೊತ್ತಿಗೆ ನಾನು ಲಿಫ್ಟ್ ಇಲ್ದೇನೇ ಮೇಲಕ್ಕೆ ಹೋಗಿರ್ತೀನಿ, ನೋಡ್ತಿರು” ಎನ್ನುತ್ತಿದ್ದಳು. ಹೋದ ವಾರ ಹೋಗಿಯೇಬಿಟ್ಟಳು.

ಈಗ ಯಾಕೆ ಬಂದಿರಿ ಎಂದು ಮೆಕ್ಯಾನಿಕ್‌ನನ್ನು ಕೇಳಿದೆ.

“ಐದನೇ ಮಹಡಿ ಮನೆ ಖಾಲಿ ಮಾಡ್ಬೇಕಂತೆ. ಸಾಮಾನು ಇಳಿಸೋಕೆ ಲಿಫ್ಟ್ ಬೇಕು ಅಂದ್ರು, ಬಂದೆ.”

ಅಂತೂ ಅವಳ ಬೀರುವಿಗೆ ಲಿಫ್ಟ್ ಸಿಕ್ಕಿತು.

ಆಮೇಲೆ ನೆಲಮಾಳಿಗೆಗೆ ಹೋದೆ. ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಯಂತ್ರಕ್ಕೆ ಸರದಿ ಹಿಡಿಯಲು, ಅಲ್ಲಿನ ಹಲಗೆಯಲ್ಲಿ ಬೇಕಾದ ದಿನದ ಜಾಗಕ್ಕೆ ಪ್ರತಿ ಮನೆಯವರೂ ತಮ್ಮ ಪುಟ್ಟ ಬೀಗ ಹಾಕಬೇಕು. ನನ್ನದನ್ನು ಶುಕ್ರವಾರಕ್ಕೆ ಹಾಕಿದೆ. ಅಭ್ಯಾಸಬಲದಿಂದ ಅವಳದನ್ನೂ ಬುಧವಾರ ಬೆಳಿಗ್ಗೆಗೆ ಹಾಕಿಬಿಟ್ಟೆ. ಕೀಲಿ ತಿರುಗಿಸಿದ ಮೇಲೆ ನೆನಪಾಯಿತು. ತೆಗೆಯಲು ಮನಸ್ಸು ಬರಲಿಲ್ಲ.

ಇರಲಿ. ಬುಧವಾರ ಯಂತ್ರ ಸುಮ್ಮನೆ ಖಾಲಿ ನಿಂತಿರುತ್ತದೆ ಎಂದು ಯಾರಾದರೂ ನಗರಸಭೆಗೆ ದೂರು ಕೊಡಲಿ. ಅವರು ಬರುವ ತನಕ ಆ ಬೆಳಿಗ್ಗೆ ಅವಳದೇ.